ದಾಸವಾಳದ ಬೇರಿನ ಗಂಟು

ಕಾಫಿಗೆ ಮುಂಚೆ ಅಂಗಳದ ದಾಸವಾಳದ ಸಾಲಿಗೆ ಹೋಗಿ ಲಿಂಗಪೂಜೆಗೆ ಹೂವು ಬಿಡಿಸಿಕೊಂಡು ಬರುವುದನ್ನು ಕಂಪಲಾಪುರದ ಪುಟ್ಟಮಲ್ಲಮ್ಮ ಜ್ವರ ಬಂದ ದಿನವೂ ತಪ್ಪಿಸಿದವಳಲ್ಲ. ಗೇಟಿನಿಂದ ಜಗಲಿಯವರೆಗೆ ಕೆಂಪು, ಹಳದಿ, ಬಿಳಿ ಗಿಡಗಳು ಬೇಲಿಯ ಹಾಗೆ ನಿಂತಿದ್ದವು. ಈ ಸಲ ಮಳೆ ಮುಗಿಯುವ ಹೊತ್ತಿಗೆ ಅವಕ್ಕೆ ಏನೋ ಬಡಿಯಿತು. ಎಲೆ ಹಳದಿಯಾಯಿತು, ಮೊಗ್ಗು ಅರಳದೆ ಉದುರಿತು. ಬುಡ ಒದ್ದೆಯಾಗಿದ್ದರೂ ಬಿಸಿಲೇರುವಷ್ಟರಲ್ಲಿ ಗಿಡ ಸೊರಗಿ ಜೋತುಬೀಳುತ್ತಿತ್ತು. ಗೇಟಿನ ಪಕ್ಕದ ಎರಡು ಆಗಲೇ ಒಣಗಿ ಕಡ್ಡಿಯಾಗಿದ್ದವು.

ಪುಟ್ಟಮಲ್ಲಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆ ಮೇಲೆ ಅನ್ನಕ್ಕಿಟ್ಟು ಹೊರಗೆ ಬರುವಳು, ಎಲೆ ತಿರುವಿ ಹುಳ ಹುಡುಕುವಳು, ಮತ್ತೆ ಒಳಗೆ ಓಡುವಳು. ಬೇವಿನೆಣ್ಣೆ ಚಿಮುಕಿಸಿದಳು. ಎಲೆ ಮೇಲೆ ಹುಳವೇ ಇರಲಿಲ್ಲ, ಎಣ್ಣೆ ಏನು ಮಾಡೀತು? ಕೊನೆಗೆ ಕಣ್ಣು ಬಿದ್ದದ್ದು, ಬಟ್ಟೆ ಒಗೆದ ನೀರು ಚೆಲ್ಲಲು ಹೊರಟಿದ್ದ ಸೊಸೆ ಪುಷ್ಪಾಳ ಬಕೆಟ್ಟಿನ ಮೇಲೆ.

“ಸೋಪಿನ ನೀರು ಹುಯ್ದು ಹುಯ್ದು ದೇವರ ಗಿಡ ಸಾಯಿಸ್ತಾವ್ಳೆ,” ಎಂದು ಪಕ್ಕದ ಮನೆಯ ಸುನಂದಮ್ಮನ ಎದುರೇ ಅಂದುಬಿಟ್ಟಳು.

ಪುಷ್ಪಾ ಬಕೆಟ್ಟು ಕೆಳಗಿಟ್ಟಳು. “ನಾನು ಹುಯ್ಯೋದು ಮೋರಿಗೆ, ಅತ್ತೆ. ಬೇಕಾದ್ರೆ ಬಂದು ನೋಡಿ.”

ಅಂದಿನಿಂದ ಕೇಳಿದ್ದಕ್ಕೆ ಹ್ಞೂಂ, ಉಹ್ಞೂಂ ಬಿಟ್ಟರೆ ಅವಳದು ಮಾತಿಲ್ಲ. ಸಂಜೆ ಇಬ್ಬರೂ ಕೂತು ಅವರೆಕಾಯಿ ಸುಲಿಯುವುದೂ ನಿಂತಿತು. ಸುಮ್ಮನೆ ಹುಡುಗಿಯ ಮೇಲೆ ಹಾಕಿದೆನೋ, ನಿಜವಾಗಿ ಅವಳದೇ ತಪ್ಪೋ ತಿಳಿಯದೆ ಪುಟ್ಟಮಲ್ಲಮ್ಮ ಒದ್ದಾಡಿದಳು. ಪೂಜೆಗೆ ಕೂತರೆ ಮನಸ್ಸು ಅಂಗೈಯ ಲಿಂಗದ ಮೇಲೆ ನಿಲ್ಲದೆ ಗೇಟಿನ ಕಡೆ ಓಡುತ್ತಿತ್ತು.

ಒಂದು ಬೆಳಿಗ್ಗೆ ತಡೆಯಲಾರದೆ ಗುದ್ದಲಿ ಹಿಡಿದಳು. ಊರಾಚೆ ಹೊಗೆಸೊಪ್ಪು ಬೆಳೆಯುವ ಮೈದುನ ನಂಜಣ್ಣ ಆಗಲೇ ಬಂದ.

“ಏನತ್ಗೆ, ನಿಧಿ ಹುಡುಕ್ತಿದ್ದೀರಾ? ಸಿಕ್ರೆ ನಂಗೂ ಪಾಲು ಕೊಡಿ ಮತ್ತೆ.”

“ಹಲ್ಲು ಕಿರೀಬ್ಯಾಡ, ಈ ಕಡೆ ಹಿಡ್ಕೊ.”

ಒಣಗುತ್ತಿದ್ದ ಒಂದು ಗಿಡವನ್ನು ಬುಡಸಮೇತ ಎತ್ತಿ ಮಣ್ಣು ಒದರಿದರು. ಬೇರಿನ ತುಂಬ ಗಂಟು, ಕಡಲೆಕಾಳಿನಷ್ಟು ದಪ್ಪ. ನಂಜಣ್ಣನ ನಗು ಹೋಯಿತು.

“ಗಂಟುಬೇರು ಕಣತ್ಗೆ. ನಮ್ ಹೊಗೆಸೊಪ್ಪಿನ ಸಸಿಗೆ ಬರೋದೇ. ಕಣ್ಣಿಗೆ ಕಾಣ್ದಿರೋ ಹುಳ ಬೇರೊಳಗೆ ಸೇರ್ಕತ್ತದೆ. ಎಷ್ಟ್ ನೀರು ಹುಯ್ದ್ರೂ ಮೇಲಕ್ಕೆ ಏರಾಕಿಲ್ಲ. ಇಲ್ಲಿಗೆಂಗೆ ಬಂತು?”

ಪುಟ್ಟಮಲ್ಲಮ್ಮ ಗುದ್ದಲಿ ಊರಿಕೊಂಡು ನಿಂತಳು. ಮಳೆಗಾಲದ ಮೊದಲಲ್ಲಿ, ಸಸಿಗಳೆಲ್ಲ ಹೊಲ ಸೇರಿದ ಮೇಲೆ, ನಂಜಣ್ಣನ ಸಸಿಮಡಿಗಳು ಖಾಲಿ ಬಿದ್ದಿದ್ದವು. ಗೊಬ್ಬರ ತಿಂದ ಕಪ್ಪು ಮಣ್ಣು, ಹಿಟ್ಟಿನಷ್ಟು ಮೆದು. ದಂಡವಾಗುತ್ತದಲ್ಲ ಎಂದು ಮಂಕರಿಯಲ್ಲಿ ಹೊತ್ತು ತಂದು ಒಂದೊಂದು ಬುಡಕ್ಕೂ ಏರಿಸಿದವಳು ಅವಳೇ.

“ನಿನ್ ಮಡಿ ಮಣ್ಣು,” ಎಂದಳು. “ನಾನೇ ತಂದು ಹಾಕಿದ್ದು. ಸೋಪಿನ ನೀರು ಹುಯ್ದೆ ಅಂತ ಸುಮ್ನೆ ಆ ಹುಡುಗಿನ ಅಂದೆ.”

ಹಿತ್ತಲಿನಿಂದ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ನಂಜಣ್ಣ ಅತ್ತ ನೋಡಿ ದನಿ ತಗ್ಗಿಸಿದ.

“ನಾನ್ ಹೇಳ್ತೀನಿ ಬುಡಿ ಪುಷ್ಪಂಗೆ. ಮಣ್ಣು ನಂದು, ಹಾಕಿ ಅಂದೋನೂ ನಾನೇ ಅಂತೀನಿ. ದೊಡ್ಡೋರು ನೀವು, ಸೊಸೆ ಮುಂದೆ ಯಾಕೆ ಸಣ್ಣೋರಾಗ್ತೀರಿ?”

“ಬ್ಯಾಡ ಕಣಪ್ಪ,” ಎಂದಳು ಪುಟ್ಟಮಲ್ಲಮ್ಮ, ಕೈಯ ಮಣ್ಣು ಕೊಡವುತ್ತ. “ಸುನಂದಮ್ಮನ ಮುಂದೆ ಅಂದೋಳು ನಾನು. ಅವಳನ್ನೂ ಕರೀತೀನಿ. ಅವಳ ಮುಂದೇನೇ ಹೇಳ್ಬೇಕು, ನಾನೇ ಹೇಳ್ತೀನಿ.”