ಒಂದು ಹುಬ್ಬಿಗೆ ಫಸ್ಟ್ ಹಾಫ್

ಥಿಯೇಟರಿನಲ್ಲಿ ಎಲ್ಲರೂ ತೆರೆಯ ಕಡೆ ನೋಡುತ್ತಿದ್ದರೆ ಪ್ರಮೀಳಾ ಆಂಟಿ ನಮ್ಮ ಕಡೆ ನೋಡುತ್ತಿದ್ದರು. ತಮಾಷೆಯ ಸೀನು ಬಂತೆಂದರೆ ಸಾಕು, ಸೀಟಿನಲ್ಲಿ ಅರ್ಧ ತಿರುಗಿ, ನಮ್ಮ ಸಾಲಿನ ಹೆಂಗಸರ ಮುಖಗಳನ್ನೂ ಹಿಂದಿನ ಸಾಲಿನ ಅಪರಿಚಿತರ ಮುಖಗಳನ್ನೂ ಒಂದೊಂದಾಗಿ ಪರೀಕ್ಷಿಸುವರು. ಕಡಲೆಕಾಯಿ ಬಾಯಿಗೆ ಹಾಕಿಕೊಳ್ಳಲು ಹೊರಟ ಯಾರೋ ಗಂಡಸು ಗಾಬರಿಯಾಗಿ ಕೈ ಇಳಿಸಿದ್ದನ್ನು ನಾನೇ ನೋಡಿದ್ದೇನೆ. ಯಾಕೆ ಹೀಗೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು. "ಪಿಕ್ಚರ್ ನಾಳೆ ಟೀವೀಲೂ ಬರುತ್ತೆ ಕಣೇ. ಈ ಜನ ನಗೋದು ಟೀವೀಲಿ ಬರುತ್ತಾ?"

ಗೋವಿಂದರಾಜನಗರದ ನಮ್ಮ ರಸ್ತೆಯಲ್ಲಿ ಎದುರು ಮನೆ ಅವರದು. ಮುಂದಿನ ಕೋಣೆಯೇ ಬ್ಯೂಟಿ ಪಾರ್ಲರ್. ಒಂದು ತಿರುಗುವ ಕುರ್ಚಿ, ಗೋಡೆಯಗಲದ ಕನ್ನಡಿ, ಬಾಗಿಲಿಗೊಂದು ಹೂವಿನ ಪರದೆ. ನಾನು ಆಗ ವಿಜಯನಗರದಲ್ಲಿ ಬಿ.ಕಾಂ. ಓದುತ್ತಿದ್ದೆ. ಹುಬ್ಬು ತೆಗೆಸಿಕೊಳ್ಳಲು ಹೋದರೆ ಸಿನಿಮಾ ವಿಮರ್ಶೆ ಬಿಟ್ಟಿ. ಆದರೆ ಕೂದಲು ಕೀಳುವ ದಾರದ ಒಂದು ತುದಿ ಹಲ್ಲಿನಲ್ಲಿ ಇರುವಷ್ಟು ಹೊತ್ತು ಅವರು ಮಾತನಾಡುವಂತಿಲ್ಲವಲ್ಲ, ಹಾಗಾಗಿ ವಿಮರ್ಶೆ ಕಂತಿನಲ್ಲಿ ಬರುತ್ತಿತ್ತು. ಎಡಹುಬ್ಬು ಮುಗಿದ ಮೇಲೆ ಫಸ್ಟ್ ಹಾಫ್, ಬಲಹುಬ್ಬು ಮುಗಿದ ಮೇಲೆ ಸೆಕೆಂಡ್ ಹಾಫ್. ಸಿನಿಮಾ ತೀರಾ ಕೆಟ್ಟದಾಗಿದ್ದರೆ ಕೋಪಕ್ಕೆ ಬಲಹುಬ್ಬು ಕೊಂಚ ತೆಳ್ಳಗಾಗುತ್ತಿತ್ತು ಎಂದು ನಾವು ಹುಡುಗಿಯರು ಆಡಿಕೊಳ್ಳುತ್ತಿದ್ದೆವು.

ಅವರ ಮಟ್ಟಿಗೆ ಸಿನಿಮಾ ಅಂದರೆ ಕಾಮಿಡಿ. ಅದರಲ್ಲೂ ಮಾತಿನ ಕಾಮಿಡಿ. ಬಿದ್ದು, ಜಾರಿ, ಕಪಾಳಕ್ಕೆ ಹೊಡೆಸಿಕೊಂಡು ನಗಿಸುವವರನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. ಹೆಡೆಯೆತ್ತುವ ನಾಗಿಣಿ, ಕಂಪ್ಯೂಟರಿನಲ್ಲಿ ಬೆಳೆದು ಆಕಾಶ ಮುಟ್ಟುವ ದೇವಿಯ ಚಿತ್ರಗಳಿಗೆ, "ಕೈ ಮುಗಿಯೋಣ ಅಂದ್ರೆ ಗ್ರಾಫಿಕ್ಸ್‌ಗೆ ಮುಗೀಬೇಕೋ ದೇವ್ರಿಗೆ ಮುಗೀಬೇಕೋ ಗೊತ್ತಾಗಲ್ಲ" ಎನ್ನುವರು. ಸೂಪರ್‌ಹೀರೋಗಳನ್ನಂತೂ ಮನೆಯೊಳಗೇ ಸೇರಿಸುತ್ತಿರಲಿಲ್ಲ. "ಊರು ಉಳಿಸ್ತೀನಿ ಅಂತ ಅರ್ಧ ಊರು ಒಡೆದು ಹಾಕ್ತಾನೆ. ಆ ಬಿಗಿ ಡ್ರೆಸ್ಸು ಯಾರು ಒಗೀತಾರೆ? ಅವರಮ್ಮ ತಾನೇ? ಆಯಮ್ಮನಿಗೂ ಗೊತ್ತಾಗ್ದಂಗೆ ಹೀರೋ ಆಗಿರ್ತಾನಂತೆ, ನಂಬಬೇಕಂತೆ."

ಅಭಿಪ್ರಾಯದಲ್ಲಿ ದಾಕ್ಷಿಣ್ಯವಿರಲಿಲ್ಲ. ಅವರ ತಂಗಿಯ ಮಗನೇ ಯಾವುದೋ ಚಿತ್ರದಲ್ಲಿ ಹೀರೋನ ಗೆಳೆಯನಾಗಿ ಕಾಣಿಸಿಕೊಂಡಾಗ, ಅವನು ಸಿಹಿ ತಂದು ಎದುರಿಗೆ ನಿಂತಿದ್ದಾಗಲೇ, "ನೀನು ಬಾಯಿ ತೆಗೆಯೋವರೆಗೂ ಚೆನ್ನಾಗಿತ್ತು ಕಣಪ್ಪಾ" ಅಂದುಬಿಟ್ಟರು. ಪಿಕ್ಚರ್ ವಿಷಯದಲ್ಲಿ ಮಾತ್ರ ನನ್ನ ಕೈಲಿ ಸುಳ್ಳು ಹೇಳಿಸಬೇಡಿ ಎಂದು ಗದರಿಸುವರು. ನಮ್ಮಮ್ಮ ಸೇರಿದಂತೆ ರಸ್ತೆಯ ನಾಲ್ಕಾರು ಹೆಂಗಸರು ಶನಿವಾರದ ಮ್ಯಾಟನಿಗೆ ಯಾವುದಕ್ಕೆ ಹೋಗಬೇಕು ಎಂಬುದು ಅವರ ಬಾಯಿಂದಲೇ ಬರಬೇಕಿತ್ತು.

ಇಂಥ ಆಂಟಿ ಒಂದು ವರ್ಷ ಪೂರ್ತಿ ಪಕ್ಷಾಂತರ ಮಾಡಿದರು. ಕನ್ನಡದ ಕಾಮಿಡಿಗೆ ಹೋದರೆ ಮುಖ ಸಿಂಡರಿಸಿಕೊಂಡು ಬರುವರು. "ಏನಿದೆ ಅದ್ರಲ್ಲಿ, ಬರೀ ವಟವಟ." ತೆಲುಗಿನಿಂದ ಡಬ್ಬಾದ ಹಿಂದಿ ಸಿನಿಮಾ ಟೀವಿಯಲ್ಲಿ ಬಂದರೆ, ಬಾಯಿಗೂ ಮಾತಿಗೂ ಸಂಬಂಧವಿಲ್ಲ ಎಂದು ಎದ್ದು ಹೋಗುವರು. ಬದಲಿಗೆ ಬಸ್ಸು ಹತ್ತಿಸಿ ಎಲ್ಲರನ್ನೂ ಮೆಜೆಸ್ಟಿಕ್ ಕಡೆಗೆ ಇಂಗ್ಲಿಷ್ ಚಿತ್ರಗಳಿಗೆ ಎಳೆದುಕೊಂಡು ಹೋಗತೊಡಗಿದರು. ಮಂತ್ರದಂಡ ಹಿಡಿದ ಮಕ್ಕಳು, ಬೆಂಕಿ ಉಗುಳುವ ಹಕ್ಕಿಗಳು, ಮಹಡಿಯಿಂದ ಮಹಡಿಗೆ ಹಾರುವ ಬಿಗಿ ಡ್ರೆಸ್ಸಿನ ಹುಡುಗರು. ನಮ್ಮಮ್ಮನಿಗೆ ಇಂಗ್ಲಿಷಿನ ಒಂದು ಅಕ್ಷರ ತಿಳಿಯದು. ಮನೆಗೆ ಬಂದು ಸೊಂಟ ಹಿಡಿದುಕೊಂಡು, "ಈ ಪ್ರಮೀಳಂಗೆ ಏನು ಬಂದಿದೆಯೋ, ಮೂರು ಗಂಟೆ ಮಿಕಮಿಕ ನೋಡ್ಕೊಂಡು ಬಂದ್ವಿ" ಎಂದು ಬೈಯುತ್ತಿದ್ದರು.

ನನಗೆ ಗೊತ್ತಾಗಿದ್ದು ಆ ಕುರ್ಚಿಯಲ್ಲಿ. ಹಿಂದಿನ ವಾರ ನೋಡಿದ ಚಿತ್ರದ ಮೇಲೆ ಅವರಿಗೆ ಸಿಟ್ಟಿತ್ತು. ಅದರ ಹೀರೋ ಮೂಗಿನಿಂದ ಗದ್ದದವರೆಗೆ ಕಪ್ಪು ಬಟ್ಟೆ ಸುತ್ತಿಕೊಂಡಿರುತ್ತಿದ್ದನಂತೆ. "ಬಾಯಿ ಮುಚ್ಕೊಂಡು ಮಾತಾಡೋನು ಎಂಥಾ ಹೀರೋ ಕಣೇ?" ಎಂದು ಹೇಳಿ ದಾರ ಹಲ್ಲಿಗೆ ಸಿಕ್ಕಿಸಿಕೊಂಡರು. ನಾನು ಎರಡೂ ಕೈಯಲ್ಲಿ ರೆಪ್ಪೆಯ ಚರ್ಮ ಬಿಗಿಹಿಡಿದು, "ಮಾತು ಕೇಳಿಸಿದ್ರೆ ಸಾಕಲ್ಲ ಆಂಟಿ, ಬಾಯಿ ಯಾಕೆ ಕಾಣ್ಬೇಕು?" ಅಂದೆ. ತಲೆಯಾಡಿಸಲೂ ಇಲ್ಲ. ಇನ್ನೊಮ್ಮೆ, ಕೊಂಚ ಜೋರಾಗಿ ಕೇಳಿದೆ. ದಾರ ಕರಕರ ಓಡುತ್ತಲೇ ಇತ್ತು. ನಾನು ಕೈ ಇಳಿಸಿ ನೆಟ್ಟಗೆ ಕೂತ ಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಏನೋ ಅಂದ್ಯಲ್ಲ?" ಎಂದರು. ನನ್ನ ಮಣಿಕಟ್ಟುಗಳು ಅಷ್ಟು ಹೊತ್ತು ನನ್ನ ಬಾಯಿಯನ್ನು ಮುಚ್ಚಿದ್ದವು.

ಯಾವಾಗಲೂ ಕನ್ನಡಿ ನೋಡಿಯೇ ಮಾತನಾಡುವುದು, ಡಬ್ಬಿಂಗ್ ಮೇಲಿನ ಕೋಪ, ಎಲ್ಲವೂ ಒಟ್ಟಿಗೆ ನೆನಪಾಯಿತು. ಥಿಯೇಟರಿನಲ್ಲಿ ಹಿಂದೆ ತಿರುಗುವ ಚಾಳಿ ಮೊದಲಿನಿಂದಲೂ ಇದ್ದದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಈಗ ಅವರು ನಮ್ಮ ಮುಖ ನೋಡಿ ಎಲ್ಲಿ ನಗಬೇಕೆಂದು ತಿಳಿದುಕೊಳ್ಳುತ್ತಿದ್ದರು. "ಆಂಟಿ, ಕಿವಿ..." ಅಂದೆ. ಅವರು ಹೋಗಿ ಪರದೆ ಎಳೆದು ಬಂದರು.

"ನಿಮ್ಮಮ್ಮನಿಗೆ ಹೇಳ್ಬೇಡ ಕಣೇ."

"ಮೆಷಿನ್ ಹಾಕ್ಕೋಬಹುದಲ್ಲ ಆಂಟಿ?"

"ಹಾಕ್ಕೊಂಡ ದಿನವೇ ನಾನು ಕಿವುಡಿ ಆಗ್ತೀನಿ. ನಮ್ಮತ್ತೆಗೂ ಹಿಂಗೇ ಆಗಿತ್ತು. ನಾವೆಲ್ಲ ಅಡುಗೆಮನೇಲಿ ಏನೋ ಹೇಳ್ಕೊಂಡು ನಗ್ತಿದ್ವಿ. ಅವರು ಬಂದು ಏನ್ರೇ, ಏನ್ರೇ ಅನ್ನೋರು. ಏನಿಲ್ಲ ಬಿಡಿ ಅತ್ತೆ ಅಂತಿದ್ದೆ. ನಾನೇ ಅಂತಿದ್ದೆ. ಒಂದಿನ ಕೇಳೋದೇ ನಿಲ್ಲಿಸಿಬಿಟ್ಟರು." ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. "ಶನಿವಾರ ಒಂದು ನನಗೆ ಉಳ್ಕೊಂಡಿರೋದು. ಇಂಗ್ಲಿಷ್ ಪಿಕ್ಚರ್‌ನಲ್ಲಿ ನಾವು ಅಷ್ಟೂ ಜನ ಒಂದೇ ನೋಡು. ಯಾರಿಗೂ ಏನೂ ತಿಳಿಯಲ್ಲ. ಅಲ್ಲಿ ನನ್ನನ್ನ ಯಾರು ಬಿಟ್ಟು ನಗ್ತಾರೆ?"

ನಾನು ಯಾರಿಗೂ ಹೇಳಲಿಲ್ಲ. ಆದರೆ ಆ ಸಲದ ದಸರಾ ರಜೆಯಲ್ಲಿ ನಮ್ಮಮ್ಮ ಹಟ ಹಿಡಿದು ಎಲ್ಲರನ್ನೂ ಮಾಗಡಿ ರಸ್ತೆಯ ಕಡೆ ಒಂದು ಕನ್ನಡ ಕಾಮಿಡಿಗೆ ಹೊರಡಿಸಿದರು. ನಾನೂ ಹೋಗಿದ್ದೆ. ಒಬ್ಬ ದಡ್ಡ, ಸಾವಿನ ಮನೆಯೆಂದುಕೊಂಡು ಗೃಹಪ್ರವೇಶದ ಮನೆಗೆ ನುಗ್ಗಿ ಗೋಳೋ ಎಂದು ಅಳುತ್ತಾನೆ. ಅಷ್ಟರವರೆಗೆ ಆಂಟಿಗೂ ತಿಳಿಯಿತು, ನಕ್ಕರು. ಆಮೇಲೆ ಅವನು ಬೆನ್ನು ತಿರುಗಿಸಿಕೊಂಡು ಏನೋ ಗೊಣಗಿದ. ಹಾಲ್‌ಗೆ ಹಾಲೇ ಭೋರೆಂದಿತು. ಆಂಟಿ ಎಂದಿನಂತೆ ತಿರುಗಿ ಎಲ್ಲರ ಮುಖ ನೋಡಿದರು. ಅಂಥ ನಗುವನ್ನು ಕಂಡು ತಡೆಯಲಾಗಲಿಲ್ಲವೋ ಏನೋ, ಮೊದಲ ಸಲ ನಮ್ಮಮ್ಮನ ತೋಳು ಹಿಡಿದು, "ಏನಂದ? ಏನಂದ ಅವನು?" ಎಂದು ಕೇಳಿಬಿಟ್ಟರು.

ನಮ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಅಯ್ಯೋ, ಏನಿಲ್ಲ ಬಿಡ್ರೀ" ಅಂದರು.

ಪಾಪ, ಅಮ್ಮನಿಗೇನು ಗೊತ್ತು. ಆಂಟಿ ಮೆಲ್ಲಗೆ ಕೈ ತೆಗೆದು, ತೆರೆಯ ಕಡೆ ತಿರುಗಿ ಕೂತರು. ಸಿನಿಮಾ ಮುಗಿಯುವವರೆಗೂ ಮತ್ತೆ ಹಿಂದೆ ನೋಡಲಿಲ್ಲ. ಮುಂದಿನ ಶನಿವಾರ ಮಂಡಿನೋವು ಎಂದರು. ಅದರಾಚೆಯ ಶನಿವಾರ ಗಿರಾಕಿ ಇದ್ದಾರೆ ಎಂದರು. "ಇಂಗ್ಲಿಷ್ ಪಿಕ್ಚರ್ ನೋಡಿ ನೋಡಿ ಆಯಮ್ಮನಿಗೆ ಜಂಬ ಬಂದಿದೆ" ಎಂದು ನಮ್ಮಮ್ಮ ಮೂತಿ ಉಬ್ಬಿಸಿದಾಗ ನನಗೆ ಸುಮ್ಮನಿರಲಾಗಲಿಲ್ಲ. ಕೊಟ್ಟ ಮಾತು ಮುರಿದು, ಅತ್ತೆಯ ಕಥೆಯನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ಅಮ್ಮ ಬಿಡಿಸುತ್ತಿದ್ದ ಅವರೆಕಾಯಿಯನ್ನು ಹಾಗೇ ಕೆಳಗಿಟ್ಟರು.

ಆ ಶನಿವಾರ ಅವರು ತಾವೇ ಎದುರು ಮನೆಗೆ ಹೋಗಿ, ಕನ್ನಡಿಯ ಮುಂದೆ ನಿಂತು, ಬಿಡಿಸಿ ಬಿಡಿಸಿ ಹೇಳಿದರು. "ಮೆಜೆಸ್ಟಿಕ್‌ನಲ್ಲಿ ಯಾರೋ ಹಾರೋ ಹುಡುಗನ ಪಿಕ್ಚರ್ ಬಂದಿದೆಯಂತೆ. ಏಳ್ರೀ ಪ್ರಮೀಳಾ, ಬಸ್ಸು ತಪ್ಪುತ್ತೆ." ಕಿವಿಯ ಮಾತು ಅವರೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಆಂಟಿಯ ಮನೆಯವರು ರಿಟೈರಾಗಿ ಕೆಂಗೇರಿ ಉಪನಗರಕ್ಕೆ ಹೋಗುವವರೆಗೂ ನಮ್ಮಮ್ಮ ಎಷ್ಟೋ ಶನಿವಾರ ಸೊಂಟ ಹಿಡಿದುಕೊಂಡೇ ಹಾರುವವರನ್ನು ನೋಡಿ ಬಂದರು. ಬೈಯುವುದನ್ನು ಮಾತ್ರ ನಿಲ್ಲಿಸಿದ್ದರು. ನಮ್ಮಮ್ಮನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಆಗಲೇ.

ಆಂಟಿಯನ್ನು ಕೊನೆಯ ಸಲ ನೋಡಿದ್ದು ಕೆಂಗೇರಿಯ ಆ ಮನೆಯಲ್ಲಿ. ಅದಾದ ಮೇಲಿನ ಚಳಿಗಾಲಕ್ಕೆ ಅವರು ತೀರಿಕೊಂಡರು. ಅವತ್ತು ನಾನೂ ಅಮ್ಮನೂ ಹೋದಾಗ ಆಂಟಿಯ ಕಿವಿಯಲ್ಲಿ ಮೆಷಿನ್ ಇತ್ತು. ಕೂದಲು ಹಿಂದಕ್ಕೆ ಬಾಚಿ, ಎಲ್ಲರಿಗೂ ಕಾಣುವಂತೆಯೇ ಇಟ್ಟುಕೊಂಡಿದ್ದರು. "ಮೊಮ್ಮಗಳು ಈಗ ತೊದಲ್ತಾಳೆ ಕಣೇ. ತೊದಲು ಮಾತನ್ನ ತುಟಿ ನೋಡಿ ಹೆಂಗೆ ತಿಳ್ಕೊಳ್ಳೋದು ಹೇಳು. ಜಂಬ ಬಿಟ್ಟು ಹಾಕ್ಕೊಂಡೆ" ಎಂದು ಮಗುವಿನ ಕೆನ್ನೆ ಹಿಂಡಿದರು.

ಕಾಫಿ ಕುಡಿಯುವಾಗ ಟೀವಿಯಲ್ಲಿ ಅದೇ ಹಳೆಯ ಕಾಮಿಡಿ ಬರುತ್ತಿತ್ತು. ಗೃಹಪ್ರವೇಶದ ಮನೆ, ಗೋಳಾಟ. ನಾನು ಚಾನೆಲ್ ಬದಲಿಸಲು ರಿಮೋಟ್ ಹುಡುಕಿದೆ. ಆಂಟಿ ಅದನ್ನು ಸೆರಗಿನಡಿ ಇಟ್ಟುಕೊಂಡು ಕೂತಿದ್ದರು. ಆ ದಡ್ಡ ಬೆನ್ನು ತಿರುಗಿಸಿ ಗೊಣಗಿದ. "ಇಷ್ಟು ದೊಡ್ಡ ಮನೆ ಅಂದ್ರೆ ಸಾಲ ಮಾಡೇ ಇರ್ತೀರ. ನಾನು ಅತ್ತಿರೋದು ಮೊದಲನೇ ಕಂತಿಗಾಗುತ್ತೆ, ಇಟ್ಕೊಳ್ಳಿ." ನಮ್ಮಮ್ಮ ನಗಲಿಲ್ಲ, ತಲೆ ತಗ್ಗಿಸಿ ಕಾಫಿ ಲೋಟವನ್ನೇ ನೋಡುತ್ತಿದ್ದರು. ಆಂಟಿ ತುಟಿ ಒಳಗೆ ಕಚ್ಚಿಕೊಂಡರು. ಆಮೇಲೆ ಕೈ ಚಾಚಿ ಅಮ್ಮನ ತೋಳು ಹಿಡಿದರು.

"ನೀವು ಅವತ್ತು ಸರಿಯಾಗೇ ಹೇಳಿದ್ರಿ ಕಣ್ರೀ. ಏನೂ ಇಲ್ಲ ಇದ್ರಲ್ಲಿ. ಥೂ, ಇದಕ್ಕಾ ಅಷ್ಟು ನಕ್ಕಿದ್ದು ನೀವು?"

ಅಮ್ಮನ ಕಣ್ಣು ತುಂಬಿಕೊಂಡಿತು. ಟೀವಿಯಲ್ಲಿ ಜಾಹೀರಾತು ಬಂತು, ಮಗು ಬಿಸ್ಕತ್ತಿಗೆ ರಗಳೆ ತೆಗೆಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತಿದ್ದರು. ನಾಯಂಡಹಳ್ಳಿ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

"ಆಯಮ್ಮನ ಭುಜ ಅಲ್ಲಾಡ್ತಿತ್ತು, ನೋಡಿದ್ಯಾ? ನಗು ತಡ್ಕೊಂಡು ಕೂತಿದ್ರು. ಜೋಕು ಚೆನ್ನಾಗೇ ಇತ್ತು ಕಣೇ."