ರೋಷನ್ ಬೀ ಮೊಮ್ಮಗಳ ಎಲುಬಿನ ಫೋಟೋ ತೆಗೆಸಿದ್ದು

ಶಿರಸಿ ಪೇಟೆಯ ಬಳೆಗಾರ್ತಿ ರೋಷನ್ ಬೀ, ಸುತ್ತಲ ಹಳ್ಳಿಗಳಾದ ಹೇರೂರು, ಹೆಗಡೆಕಟ್ಟಾಗಳ ಮನೆಮನೆಗೂ ಬಳೆ ಬುಟ್ಟಿ ಹೊತ್ತು ಹೋಗುತ್ತಿದ್ದಳು. ಎಂಥ ದಪ್ಪ ಕೈಗಾದರೂ ಬಳೆ ಏರಿಸುತ್ತಿದ್ದಳು. ಯಾರ ಮಾತಿಗೂ ಮಾತ್ರ ಮಣಿಯುತ್ತಿರಲಿಲ್ಲ. ತಾಯಿಯಿಲ್ಲದ ಮೊಮ್ಮಗಳು ಜೈನಾಬ್ ಆರನೇ ವರ್ಷಕ್ಕೆ ಕುಂಟತೊಡಗಿದಾಗ ಮೊದಲು ನಾಟಕ ಅಂದಳು, ಆಮೇಲೆ ದೃಷ್ಟಿ ತೆಗೆದಳು, ಕೊನೆಗೆ ಹೆದರಿದಳು. ಹುಡುಗಿ ಜೀವಮಾನವೆಲ್ಲ ಹೀಗೇ ಇದ್ದುಬಿಟ್ಟರೆ ಎಂಬ ಯೋಚನೆಗೆ ಅವಳಿಗೆ ಊಟ ಸೇರದಾಯಿತು.

ಯಲ್ಲಾಪುರದ ದಾರಿಯಲ್ಲಿ ಬಾಡಿಗೆ ಮೋಟಾರು ಓಡಿಸುವ ಮಗ ಗನಿ, ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಸೊಂಟದ ಕೀಲಿನ ಎಕ್ಸ್‌ರೇ ಫೋಟೋ ತೆಗೆಯುತ್ತಾರೆಂದು ಹೇಳಿದ. ಫೋಟೋ ಅಂದಮೇಲೆ ಮನೆಯ ಒಡವೆಯೆಲ್ಲ ಮೈಮೇಲೆ ಬರಬೇಕು. ಪೇಟೆಯ ಸ್ಟುಡಿಯೋದಲ್ಲಿ ಬರಿಗೊರಳಲ್ಲಿ ಕೂತ ಹೆಣ್ಣನ್ನು ರೋಷನ್ ಬೀ ಕಂಡಿರಲಿಲ್ಲ. ಮಗುವಿಗೆ ಜರಿ ಲಂಗ ಉಡಿಸಿ, ಸುರ್ಮಾ ಹಚ್ಚಿ, ಜೋಡಿ ನವಿಲು ಕೆತ್ತಿದ ತನ್ನ ಮದುವೆಯ ಬೆಳ್ಳಿ ಡಾಬನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದಳು.

ಆಸ್ಪತ್ರೆಯಲ್ಲಿ ನರ್ಸು ಎಲ್ಲವನ್ನೂ ಬಿಚ್ಚಿಸಿ ಒಂದು ಸಡಿಲ ಅಂಗಿ ತೊಡಿಸಿದಳು. ಆಕೆ ಅತ್ತ ತಿರುಗಿದ್ದೇ ತಡ, ರೋಷನ್ ಬೀ ಡಾಬನ್ನು ಮಗುವಿನ ಅಂಗಿಯೊಳಗೆ ಮತ್ತೆ ಕಟ್ಟಿದಳು.

ಡಾಕ್ಟರು ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

‘ಅಜ್ಜಿ, ನಾ ಕೀಲು ನೋಡಬೇಕಾಗಿತ್ತು. ಇಲ್ಲಿ ಜೋಡಿ ನವಿಲು ಕುಂತಾವಲ್ರಿ.’

‘ಎಷ್ಟ್ ಚಂದ ಬಂದಾವು,’ ಅಂದಳು ರೋಷನ್ ಬೀ.

ಎರಡನೆಯ ಫಿಲ್ಮಿಗೆ ಗನಿ ತಾಯಿಯನ್ನು ಹೊರಗೆ ಕೂರಿಸಿ ಬಾಗಿಲು ಕಾದ. ಈ ಸಲ ಎಲುಬು ಕಂಡಿತು. ಬಲಗಡೆ ಕೀಲಿನ ಗುಂಡು ದುಂಡಗಿತ್ತು. ಎಡಗಡೆಯದು ಯಾರೋ ಮೇಲೆ ಕೂತು ಅಮುಕಿದ ಲಾಡಿನಂತೆ ಚಪ್ಪಟೆಯಾಗಿತ್ತು. ಒಳಗೆ ಕರೆಸಿಕೊಂಡ ರೋಷನ್ ಬೀ ಆ ಚಪ್ಪಟೆ ಜಾಗವನ್ನು ಬೆರಳಿನಿಂದ ಸವರಿ ನೋಡಿದಳು. ಎಲುಬು ಮೆತ್ತಗಾಗಿದೆ, ಮೈಭಾರ ಬೀಳದಿದ್ದರೆ ಮತ್ತೆ ದುಂಡಗೆ ಬೆಳೆದೀತು ಎಂದರು ಡಾಕ್ಟರು. ‘ನಾ ಹೇಳೂತನಕ ಕಾಲು ನೆಲಕ್ಕ ತಾಗಬಾರದು ನೋಡ್ರಿ.’

ಯಾರ ಮಾತೂ ಕೇಳದವಳು ಇದೊಂದನ್ನು ಕೇಳಿದಳು. ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಜೈನಾಬ್.

‘ಇಷ್ಟ್ ದೊಡ್ಡ ಕೂಸ್ನ ಎಂತಕ್ಕೆ ಹೊತ್ಕತ್ತೆ?’ ಅಂದಳು ಹೆಗಡೆಕಟ್ಟಾದ ಒಬ್ಬ ಮನೆಯೊಡತಿ.

ಕಾಯಿಲೆಯ ಮಾತೆತ್ತಲು ರೋಷನ್ ಬೀಗೆ ಮನಸ್ಸಿಲ್ಲ. ‘ನಿಮ್ಮ ಅಂಗಳ ಗಲೀಜಾಗೈತಿ,’ ಅಂದುಬಿಟ್ಟಳು. ಆ ವರ್ಷ ಆ ಮನೆಯಲ್ಲಿ ಬಳೆ ವ್ಯಾಪಾರ ಆಗಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ತೆಗೆದ ಫಿಲ್ಮಿನಲ್ಲಿ ಎಡಗಡೆಯ ಗುಂಡೂ ಹೆಚ್ಚುಕಡಿಮೆ ದುಂಡಗಾಗಿತ್ತು. ‘ಇನ್ನ ಇಳಸ್ರಿ,’ ಅಂದರು ಡಾಕ್ಟರು.

‘ನೆಲ ಜಾರತೈತಿ,’ ಅಂದು ರೋಷನ್ ಬೀ ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

ಜೈನಾಬ್ ತಾನೇ ಕೊಸರಿಕೊಂಡು ಇಳಿದಳು. ಮೊದಲು ಗೋಡೆ ಹಿಡಿದು, ಆಮೇಲೆ ಗೋಡೆ ಬಿಟ್ಟು, ವರಾಂಡದ ಕೊನೆಯವರೆಗೂ ನಡೆದೇ ಹೋದಳು. ರೋಷನ್ ಬೀಗೆ ಸಂತೋಷ ತಡೆಯಲಾರದೆ ಅಳು ಬಂತು. ಹಿಂದೆಯೇ ಓಡಿ ಹಿಡಿಯೋಣವೆಂದರೆ ಎರಡು ವರ್ಷ ಮಗು ಹೊತ್ತ ಅವಳ ಸೊಂಟ ಬೆಂಚಿನಿಂದ ಏಳಗೊಡಲಿಲ್ಲ.

‘ಡಾಕ್ಟ್ರ, ಮಶೀನ್ ಬಂದ್ ಮಾಡಬ್ಯಾಡ್ರಿ,’ ಅಂದಳು, ಕಣ್ಣೊರೆಸಿಕೊಳ್ಳುತ್ತ. ‘ಇನ್ನ ನಂದು ತೆಗೀರಿ.’