ಸಿಸ್ಟರಮ್ಮನ ಮಡಿಲು

ಮೊನ್ನೆ ಸೊಸೆ ನನ್ನ ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದಳು. ಆ ಘಾಟಿಗೆ ಕಣ್ಣು ಮುಚ್ಚಿದೆ ನೋಡಿ, ಸಿಸ್ಟರಮ್ಮ ಎದುರಿಗೇ ಬಂದು ಕೂತ ಹಾಗಾಯಿತು...

ಉದ್ದನಪಲ್ಲಿಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಕಾನ್ವೆಂಟು. ಅಲ್ಲಿ ಟೀಚರು. ಶನಿವಾರ ಮಾತ್ರ ಅಂಚೆಟ್ಟಿ ಗುಡ್ಡದ ಹಳ್ಳಿಗಳಿಗೆ ಹೋಗಿ, ಹಾಸಿಗೆ ಹಿಡಿದ ಮುದುಕರ ಮೈ ಒರೆಸಿ, ಇದೇ ನೀಲಗಿರಿ ಎಣ್ಣೆ ತಿಕ್ಕಿ ಬರುತ್ತಿದ್ದರು. ಆ ಕೆಲಸಕ್ಕೆಂದೇ ಕನ್ಯಾಸ್ತ್ರೀಯರ ಹೊಸ ಸಂಘ ಕಟ್ಟಿ ಅಲ್ಲೇ ಬದುಕಬೇಕೆಂಬುದು ಅವರ ಮನಸ್ಸಿಗೆ ಹತ್ತಿತ್ತು. ನಮ್ಮದು ಮುನೇಶ್ವರನ ಒಕ್ಕಲು. ಅವರ ಪದ್ಧತಿ ನನಗೇನು ಗೊತ್ತು? ಆದರೂ ನಮ್ಮ ಜಗಲಿಗೆ ಬಂದು ಹೇಳಿಕೊಳ್ಳುತ್ತಿದ್ದರು.

ಒಂದು ವಾರ ಅವರ ಹಿರಿಯ ಸಿಸ್ಟರು ಖಂಡಿತವಾಗಿ ಹೇಳಿಬಿಟ್ಟರಂತೆ, ಇರುತ್ತೀಯೋ ಹೋಗುತ್ತೀಯೋ ಭಾನುವಾರದೊಳಗೆ ತೀರ್ಮಾನ ಮಾಡು ಅಂತ. ಹೊರಡುವ ಕಾಗದಕ್ಕೆ ಸಹಿ ಹಾಕಿದರೆ ಬಿಳಿ ಸೀರೆ ಬಿಚ್ಚಿಟ್ಟು ಹೋಗಬೇಕು, ಮತ್ತೆ ಒಳಗೆ ಬರುವ ಹಾಗಿಲ್ಲ. ಬಿಷಪ್ಪರು ಹೊಸ ಸಂಘಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಮೊದಲು ಗುಡ್ಡದಲ್ಲಿ ಇದ್ದು ತೋರಿಸು ಅಂದಿದ್ದರು. ಜೊತೆಗೆ ಬರುತ್ತೇನೆಂದಿದ್ದ ಇನ್ನೊಬ್ಬ ಸಿಸ್ಟರು ಹಿಂಜರಿದಿದ್ದರು.

ಶನಿವಾರ ಸಂಜೆ ಬಂದವರು ಕಾಫಿ ಮುಟ್ಟಲಿಲ್ಲ.

"ಇದು ದೇವ್ರ ಕರೆನೋ, ನನ್ನ ಗರ್ವಾನೋ ತಿಳೀತಿಲ್ಲ ಕಣಮ್ಮ. ತಪ್ಪಿದ್ರೆ ನಾನು ಇಲ್ಲೂ ಇಲ್ಲ, ಅಲ್ಲೂ ಇಲ್ಲ."

ಆಮೇಲೆ ಒಂದು ಹಳೇ ಬಣ್ಣದ ಸೀರೆ ಕೇಳಿದರು. ಉಡುತ್ತೇನೋ ಇಲ್ಲವೋ ಗೊತ್ತಿಲ್ಲ, ಇರಲಿ ಅಂದರು.

ನಮ್ಮಲ್ಲಿ ಬರೀ ಸೀರೆ ಕೊಡುವುದುಂಟೇ? ಕೈ ತನ್ನ ಪಾಡಿಗೆ ಮೊರದಲ್ಲಿ ಅಕ್ಕಿ, ಕಾಯಿ, ಅರಿಶಿನ ಕುಂಕುಮ ಇಟ್ಟುಬಿಟ್ಟಿತು. ಮಡಿಲು ತುಂಬಲು ಬಗ್ಗಿದಾಗ ಅವರು ಯಾರೆಂದು ನೆನಪಾಗಿ ಮೊರ ಹಿಂದಕ್ಕೆಳೆದುಕೊಂಡೆ.

"ತಪ್ಪಾಯ್ತು ಸಿಸ್ಟರಮ್ಮ. ತವರಿಂದ ಗಂಡನ ಮನೆಗೆ ಹೊಂಟೋಳ್ಗೆ ಹಿಂಗ್ ಮಾಡ್ತೀವಿ."

ಅವರು ಮೊರವನ್ನೇ ನೋಡುತ್ತಿದ್ದರು. "ಹೋಗೋ ಮನೆ ಹೆಂಗಿರ್ತದೆ ಅಂತ ಅವಳ್ಗೆ ಗೊತ್ತಿರ್ತದಾ?"

"ಎಲ್ಲಿ ಗೊತ್ತಿರ್ತದೆ? ನಾನೂ ನಡುಗ್ತಾನೇ ಬಂದೆ."

ಅವರು ಕುಂಕುಮದ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಬಿಳಿ ಸೆರಗು ಒಡ್ಡಿದರು. ಅಕ್ಕಿ, ಕಾಯಿ ಹಾಕಿ ಮೇಲೆ ಸೀರೆ ಇಟ್ಟೆ.

ಸೋಮವಾರ ನನ್ನ ಹಸಿರು ಸೀರೆಯಲ್ಲಿ ಹೊರಟರು. ಕಾನ್ವೆಂಟಿನವರು ಓಡಿಸಿಬಿಟ್ಟರು ಅಂತ ಊರು ಆಡಿಕೊಂಡಿತು. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಅಷ್ಟು ದೇವರ ದಯೆ.

ಗುಡ್ಡದ ಮೇಲೆ ಒಂಬತ್ತು ವರ್ಷ ಇದ್ದರು. ಮೂವರು ಹೆಂಗಸರು ಬಂದು ಸೇರಿದರು. ಹೋದ ಆಷಾಢದಲ್ಲಿ ಜ್ವರ ಬಂದು ತೀರಿಕೊಂಡರು... ಕೊನೆಯಲ್ಲಿ ಅವರ ಮೈ ಒರೆಸಲು ಆ ಮೂವರಿದ್ದರು, ಅದೂ ದಯೆಯೇ. ಬಿಷಪ್ಪರ ಒಪ್ಪಿಗೆ ಇನ್ನೂ ಬಂದಿಲ್ಲವಂತೆ. ನಡುಗ್ತಾನೇ ಬಂದೆ ಅಂತ ಅವತ್ತು ನಾನು ಅಂದದ್ದು ಸರಿಯೋ ತಪ್ಪೋ, ಕೇಳೋಣವೆಂದರೆ ಅವರಿಲ್ಲ.